ವಿಲಿಯಮ್ಸ್‌ಬರ್ಗ್‌ಗೆ ಹೊರಟಿದ್ದೀರಾ? ಚಪಾತಿ ಕಟ್ಟಿಕೊಳ್ಳಿ, ಚರ್ಚಿನಲ್ಲಿ ಸ್ವಲ್ಪ ಹೊತ್ತು ಕೂರಿ

ಊರಿಂದ ಅಪ್ಪ ಅಮ್ಮ ಬಂದಾಗ ನಯಾಗರ, ನ್ಯೂಯಾರ್ಕ್ ಮುಗಿಸಿದ ಮೇಲೆ ಮುಂದೆಲ್ಲಿ ಎಂಬ ತಲೆನೋವು ಅಮೆರಿಕದಲ್ಲಿರುವ ನಮಗೆಲ್ಲ ಇದ್ದದ್ದೇ. ಈ ಸಲ ವರ್ಜೀನಿಯಾದ ಜೇಮ್ಸ್‌ಟೌನ್, ಬ್ರಿಟಿಷರ ಕಾಲದ ಊರನ್ನು ಉಳಿಸಿ ಮತ್ತೆ ಕಟ್ಟಿ ಇಟ್ಟುಕೊಂಡಿರುವ ವಿಲಿಯಮ್ಸ್‌ಬರ್ಗ್ ಕಡೆ ಮೂರು ದಿನ ಹೋಗಿ ಬಂದೆವು. ವಾಷಿಂಗ್ಟನ್‌ನಿಂದ ಸುಮಾರು 240 ಕಿ.ಮೀ. ಶುಕ್ರವಾರ ಸಂಜೆ ಮಾತ್ರ ಐ-95 ಹೆದ್ದಾರಿ ಹಿಡಿಯಬೇಡಿ. ಮೂರು ಗಂಟೆಯ ದಾರಿಗೆ ನಮಗೆ ಐದೂವರೆ ಗಂಟೆ ಹಿಡಿಯಿತು.

ಮೊದಲ ಎಚ್ಚರಿಕೆ: ಜೇಮ್ಸ್‌ಟೌನ್ ಎಂಬ ಹೆಸರಿನ ಜಾಗ ಎರಡಿವೆ. ‘ಹಿಸ್ಟಾರಿಕ್ ಜೇಮ್ಸ್‌ಟೌನ್’ ಅಂದರೆ 1607ರಲ್ಲಿ ಇಂಗ್ಲಿಷರು ಕೋಟೆ ಕಟ್ಟಿದ ಅಸಲಿ ನೆಲ. ‘ಜೇಮ್ಸ್‌ಟೌನ್ ಸೆಟ್ಲ್‌ಮೆಂಟ್’ ಅದರ ಹತ್ತಿರದ ಮ್ಯೂಸಿಯಂ. ಹಡಗುಗಳ ಪ್ರತಿಕೃತಿಗಳಿವೆ, ಮಕ್ಕಳಿಗೆ ಇಷ್ಟವಾಗುತ್ತದೆ. ಟಿಕೆಟ್ ಬೇರೆ ಬೇರೆ. ನಾನು ಅವಸರದಲ್ಲಿ ಎರಡನೆಯದಕ್ಕೆ ದುಡ್ಡು ಕಟ್ಟಿ ಮೊದಲನೆಯದರ ಗೇಟಿನಲ್ಲಿ ಹೋಗಿ ನಿಂತೆ. ಅಪ್ಪ ಇನ್ನೂ ಅದನ್ನೇ ಆಡಿಕೊಳ್ಳುತ್ತಾರೆ.

ಸಮಯ ಕಡಿಮೆ ಇದ್ದರೆ ಅಸಲಿ ಜಾಗಕ್ಕೇ ಹೋಗಿ. ಅಲ್ಲಿ ಹಳೆಯ ಇಟ್ಟಿಗೆಯ ಚರ್ಚ್ ಗೋಪುರ ಇದೆ. ವರ್ಜೀನಿಯಾದ ಮೊದಲ ಪ್ರತಿನಿಧಿ ಸಭೆ 1619ರ ಜುಲೈಯಲ್ಲಿ ಸೇರಿದ್ದು ಇದೇ ಜಾಗದ ಚರ್ಚಿನಲ್ಲಿ. ಮುಂದಿನ ತಿಂಗಳೇ ಇಲ್ಲಿನ ಜೇಮ್ಸ್ ನದಿ ಸಮುದ್ರದ ಕಡೆ ಹರಿಯುವ ದಿಕ್ಕಿನಲ್ಲಿರುವ ಪಾಯಿಂಟ್ ಕಂಫರ್ಟ್‌ಗೆ ‘ವೈಟ್ ಲಯನ್’ ಹಡಗು ಬಂತು; ಅದರಲ್ಲಿದ್ದ ಇಪ್ಪತ್ತು ಚಿಲ್ಲರೆ ಆಫ್ರಿಕನ್ನರನ್ನು ದವಸಧಾನ್ಯಕ್ಕೆ ಬದಲಾಗಿ ಮಾರಿದರು. ಅದಕ್ಕೂ ಮೊದಲು ತಂಬಾಕು ಹೊಲಗಳಲ್ಲಿ ದುಡಿಯುತ್ತಿದ್ದವರು ಹೆಚ್ಚಾಗಿ ಇಂಗ್ಲೆಂಡಿನ ಬಡವರು. ಹಡಗಿನ ಖರ್ಚು ತೀರಿಸಲು ನಾಲ್ಕರಿಂದ ಏಳು ವರ್ಷ ಜೀತ. ಹೀಗೆ ಒಬ್ಬರನ್ನು ಕರೆತಂದ ಧಣಿಗೆ ತಲೆಗೆ 50 ಎಕರೆ ಜಮೀನು. 1635ರ ಅಂಥದ್ದೊಂದು ದಾಖಲೆಯಲ್ಲಿ ‘ಟೋನಿ, ಈಸ್ಟ್ ಇಂಡಿಯನ್’ ಎಂಬ ಹೆಸರಿದೆ. ನಮ್ಮ ಕಡೆಯ ಯಾರೋ ಒಬ್ಬ! ಅಪ್ಪ ಆ ಹೆಸರನ್ನು ಡೈರಿಯಲ್ಲಿ ಬರೆದುಕೊಂಡರು.

ಅಲ್ಲಿಂದ ವಿಲಿಯಮ್ಸ್‌ಬರ್ಗ್‌ಗೆ ಕಲೋನಿಯಲ್ ಪಾರ್ಕ್‌ವೇ ಹಿಡಿಯಿರಿ. ಕಾಡಿನೊಳಗೆ ಹೋಗುವ ಚಂದದ ರಸ್ತೆ, ಆದರೆ ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ.

ವಿಲಿಯಮ್ಸ್‌ಬರ್ಗ್‌ನ ಹಳೆ ಬೀದಿಯಲ್ಲಿ ಸುಮ್ಮನೆ ಓಡಾಡಲು ಟಿಕೆಟ್ ಬೇಡ, ಕಟ್ಟಡಗಳ ಒಳಗೆ ಹೋಗಲು ಬೇಕು. ಇಟ್ಟಿಗೆ ಕೊಯ್ಯುವ ಜಾಗವನ್ನು ತಪ್ಪಿಸಬೇಡಿ. ಬೇಸಿಗೆಯಲ್ಲಿ ಬರಿಗಾಲಲ್ಲಿ ಮಣ್ಣು ತುಳಿಯಲು ಬಿಡುತ್ತಾರೆ. ಅಪ್ಪ ಪ್ಯಾಂಟ್ ಮಡಚಿ ಇಳಿದೇಬಿಟ್ಟರು. ಹತ್ತು ನಿಮಿಷಕ್ಕೆ ಏದುಸಿರು. “ಇದನ್ನ ದಿನವಿಡೀ ಇನ್ನೊಬ್ಬರಿಗೋಸ್ಕರ ತುಳೀಬೇಕಲ್ಲೋ” ಅಂದವರು ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಬಟ್ಟೆ ಅಂಗಡಿಯಲ್ಲಿ ‘ಚಿಂಟ್ಸ್’ ಎಂದು ತೋರಿಸಿದ ಹೂವಿನ ಬಟ್ಟೆಯ ಅಂಚು ಹಿಡಿದು ನೋಡಿ ಅಮ್ಮ “ಅಯ್ಯೋ, ಚೀಟಿ ಬಟ್ಟೆ!” ಅಂದರು. ನಿಜವೇ, ಆ ಕಾಲದಲ್ಲಿ ಭಾರತದ ಅಚ್ಚಿನ ಹತ್ತಿ ಬಟ್ಟೆ ಲಂಡನ್ ಮೂಲಕ ಇಲ್ಲಿಗೂ ಬರುತ್ತಿತ್ತು.

ಬ್ರೂಟನ್ ಪ್ಯಾರಿಷ್ ಚರ್ಚು 1715ರದ್ದು. ಈಗಲೂ ಪ್ರಾರ್ಥನೆ ನಡೆಯುವುದರಿಂದ ಭಾನುವಾರ ಬೆಳಿಗ್ಗೆ ಬಿಟ್ಟು ಬೇರೆ ಹೊತ್ತಿನಲ್ಲಿ ಹೋಗಿ. ಬೆಂಚುಗಳಿಗೆ ಪೆಟ್ಟಿಗೆಯ ಹಾಗೆ ಬಾಗಿಲಿದೆ, ಒಳಗೆ ತಂಪು. ಆಗ ಈ ಆಂಗ್ಲಿಕನ್ ಪಂಥವೇ (ಚರ್ಚ್ ಆಫ್ ಇಂಗ್ಲೆಂಡ್) ಸರಕಾರದ ಧರ್ಮ. ಚರ್ಚಿಗೆ ಬರದಿದ್ದರೆ ದಂಡ. ಪಾದ್ರಿಯ ಸಂಬಳ ವರ್ಷಕ್ಕೆ 16,000 ಪೌಂಡ್ ತಂಬಾಕು, ಅಂದರೆ ಏಳು ಟನ್ನಿಗೂ ಹೆಚ್ಚು. ಆ ತಂಬಾಕು ಬೆಳೆದವರು ಯಾರು? ಗುಲಾಮರು ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರೂ ಗುಲಾಮರೇ ಎಂದು 1667ರಲ್ಲೇ ಕಾನೂನು ಮಾಡಿಟ್ಟಿದ್ದರು. ಈ ಊರಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಒಂದು ಕಾನೂನು.

ಅದಕ್ಕೇ ಎರಡು ಜಾಗ ಕಡ್ಡಾಯವಾಗಿ ನೋಡಿ. ಒಂದು, ಬ್ರೇ ಶಾಲೆ. ಕರಿಯ ಮಕ್ಕಳಿಗೆ ಬೈಬಲ್ ಓದಲು, ಜೊತೆಗೆ ಹೇಳಿದ್ದು ಕೇಳಲು ಕಲಿಸಲೆಂದು 1760ರಲ್ಲಿ ಶುರುವಾದದ್ದು. ಕಟ್ಟಡವನ್ನು ಇಡಿಯಾಗಿ ಟ್ರಕ್ಕಿನ ಮೇಲೆ ಇಲ್ಲಿಗೆ ತಂದದ್ದು 2023ರಲ್ಲಿ. ಇನ್ನೊಂದು, ನ್ಯಾಸೋ ಬೀದಿಯ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಜಾಗ. 1776ರಿಂದ ನಡೆದುಬಂದ ಕರಿಯರ ಸಭೆ ಅದು. ಅದರ ಬೋಧಕ ಗೋವನ್ ಪ್ಯಾಂಫ್ಲೆಟ್ ಒಂದು ಟ್ಯಾವರ್ನಿನ (ಊಟ, ಮದ್ಯ, ವಸತಿಯ ಛತ್ರ) ಗುಲಾಮ. ಬಿಡುಗಡೆ ಸಿಕ್ಕಿದ್ದು 1793ರಲ್ಲಿ. 20ನೇ ಶತಮಾನದಲ್ಲಿ ಆ ಜಾಗ ಪಾರ್ಕಿಂಗ್ ಲಾಟ್ ಆಗಿತ್ತು. 2020ರಿಂದ ಅಗೆದಾಗ ಅಡಿಪಾಯದ ಜೊತೆ ಸಮಾಧಿಗಳೂ ಸಿಕ್ಕವು.

ಪ್ಯಾಂಫ್ಲೆಟ್ ದುಡಿಯುತ್ತಿದ್ದ ಕಿಂಗ್ಸ್ ಆರ್ಮ್ಸ್ ಟ್ಯಾವರ್ನನ್ನು ಮತ್ತೆ ಕಟ್ಟಿದ್ದಾರೆ. ಆದರೆ ಈ ಊರಿನ ಟ್ಯಾವರ್ನ್ ಊಟ ಬಹುತೇಕ ಮಾಂಸದ್ದೇ. ನಾವು ಹೊರಗಿನ ಬೆಂಚಿನ ಮೇಲೆ ಚಪಾತಿ, ಉಪ್ಪಿನಕಾಯಿ ಬಿಚ್ಚಿದೆವು. ಮರಳುವಾಗ ಜೇಮ್ಸ್‌ಟೌನ್‌ನಿಂದ ನದಿಯ ಆಚೆ ದಡದ ಸರ್ರಿಗೆ ಹೋಗುವ ಫೆರ್ರಿ ಹತ್ತಿ. ಕಾರಿಗೂ ಜನರಿಗೂ ಉಚಿತ. ಸಂಜೆಯಾದರೆ ಸೊಳ್ಳೆ ಎಣ್ಣೆ ಮರೆಯಬೇಡಿ.