ಗಂಟು ಕಟ್ಟದ ಕಾಚೊ ಎ ಪೆಪೆ

ರೋಮ್‌ನ ಗಲ್ಲಿಯ ಸಣ್ಣ ಹೋಟೆಲು, ಅಲ್ಲಿಯವರ ಬಾಯಲ್ಲಿ ತ್ರತ್ತೋರಿಯ, ಹೇಗಿದೆ ಅಂತ ತಿಳಿಯಬೇಕಾ? ಮೆನುವಿನ ಉದ್ದ ನೋಡಬೇಡಿ, ಕಾಚೊ ಎ ಪೆಪೆ ತರಿಸಿ. ಪಾಸ್ತಾ, ಪೆಕೊರಿನೊ ರೊಮಾನೊ ಚೀಸು, ಕರಿಮೆಣಸು. ಇಷ್ಟೇ. ಕ್ರೀಮು ಕಂಡರೆ ಅಡುಗೆಯವರಿಗೆ ಧೈರ್ಯ ಸಾಲಲಿಲ್ಲ ಅಂದುಕೊಳ್ಳಿ.

ಕೆಡುವುದು ಒಂದೇ ಕಡೆ. ಒಲೆ ಮೇಲಿನ ಬಾಣಲೆಗೇ ಚೀಸು ಸುರಿದರೆ, ಸುಮಾರು 65 ಡಿಗ್ರಿ ದಾಟುತ್ತಲೇ ಪ್ರೋಟೀನು ಒಂದಕ್ಕೊಂದು ಅಂಟಿ ರಬ್ಬರಿನಂಥ ಗಂಟು, ಸುತ್ತ ನೀರು. ಮಜ್ಜಿಗೆ ಹುಳಿ ಒಡೆಯುವುದೂ ಹೆಚ್ಚುಕಮ್ಮಿ ಹೀಗೇ. ನಾವು ಹಿಟ್ಟು ಕದಡಿ ಉಳಿಸಿಕೊಳ್ಳುತ್ತೇವೆ, ಅಲ್ಲಿ ಪಾಸ್ತಾ ಬೆಂದ ಗಂಜಿನೀರು ಆ ಕೆಲಸ ಮಾಡುತ್ತದೆ. ಹುಳಿ ಉಕ್ಕದಂತೆ ಕಣ್ಣಿಟ್ಟ ಅಜ್ಜಿಯೂ ರೋಮ್‌ನ ಅಡುಗೆಯವನೂ ಕಾಯುವುದು ಒಂದೇ ಗಳಿಗೆಯನ್ನು!

ಹೋಟೆಲಿನ ಹಂಡೆಯಲ್ಲಿ ಪಾಸ್ತಾ ಮತ್ತೆ ಮತ್ತೆ ಬೆಂದು ನೀರು ದಪ್ಪವಾಗಿರುತ್ತದೆ, ಮನೆಯ ನೀರು ತೆಳು. ಇದಕ್ಕೆ 2025ರಲ್ಲಿ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ) ಪಡೆದ ಇಟಲಿಯ ಭೌತವಿಜ್ಞಾನಿಗಳ ಲೆಕ್ಕವಿದೆ: 240 ಗ್ರಾಂ ಪಾಸ್ತಾಗೆ 160 ಗ್ರಾಂ ಚೀಸು, 4 ಗ್ರಾಂ ಮೆಕ್ಕೆಜೋಳದ ಅಥವಾ ಆಲೂ ಸ್ಟಾರ್ಚು. ಸ್ಟಾರ್ಚನ್ನು 40 ಗ್ರಾಂ ನೀರಲ್ಲಿ ಪಾರದರ್ಶಕವಾಗುವ ತನಕ ಕಾಯಿಸಿ, ಆರಿದ ಮೇಲೆ ಚೀಸು ಸೇರಿಸಿ ರುಬ್ಬಿ. ಪಾಸ್ತಾ ಕೂಡ ಒಂದು ನಿಮಿಷ ಆರಲಿ, ಆಮೇಲೆ ಕಲಸಿ. ಪೆಕೊರಿನೊ ಉಪ್ಪುಪ್ಪು, ಬೇಯಿಸುವ ನೀರಿಗೆ ಉಪ್ಪು ಕೈಹಿಡಿದು ಹಾಕಿ.

ಸಸ್ಯಾಹಾರಿಗಳೇ, ಪೆಕೊರಿನೊ ರೊಮಾನೊ ಹೆಪ್ಪಾಗುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಬಿಲ್ಲಿನಲ್ಲಿ ‘ಪಾನೆ’ ಅಂತಿದ್ದರೆ ಅದು ಬ್ರೆಡ್ಡಿನ ದುಡ್ಡು. ಬೇಡದಿದ್ದರೆ ಬುಟ್ಟಿ ಬಂದಾಗಲೇ ವಾಪಸ್ ಕಳಿಸಿ.