ಓದಾಕ ಗುಂಪ್ಯಾಕ್ರಿ, ಮನ್ಯಾಗ ಕೂತು ಓದಾಕ ಬರಂಗಿಲ್ಲೇನು?

ಈ ಪ್ರಶ್ನೆ ಯಾವಾಗಲೂ "ಅಲ್ರೀ, ತಪ್ಪು ತಿಳ್ಕೋಬ್ಯಾಡ್ರಿ" ಅಂತನ ಶುರುವಾಗ್ತೈತಿ. ತಪ್ಪು ತಿಳ್ಕೊಳ್ಳೋ ಹಂಗ ಕೇಳೋದು, ಮ್ಯಾಲೆ ತಿಳ್ಕೋಬ್ಯಾಡ್ರಿ ಅನ್ನೋದು. ವಿಜಯಪುರದಾಗ ನಂದೊಂದು ಸಣ್ಣ ಪುಸ್ತಕದಂಗಡಿ ಐತಿ, ಎರಡನೇ ರವಿವಾರ ಸಂಜಿಮುಂದ ಅಲ್ಲೇ ಏಳೆಂಟು ಮಂದಿ ಕೂಡಿ ಒಂದು ಪುಸ್ತಕದ ಬಗ್ಗೆ ಮಾತಾಡ್ತೀವಿ, ಅಷ್ಟ. ಇದನ್ನ ಮದುವಿ ಊಟದ ಪಂಕ್ತಿಯೊಳಗ ಕೇಳ್ಯಾರ, ಬ್ಯಾಂಕಿನ ಪಾಳಿಯೊಳಗ ಕೇಳ್ಯಾರ, ಮೊನ್ನೆ ಹಲ್ಲಿನ ಡಾಕ್ಟರು ನನ್ನ ಬಾಯಾಗ ಕೈ ಇಟ್ಟುಕೊಂಡನ ಕೇಳಿದ್ರು. ಅವರಿಗೆ ಕೊಡಬೇಕಾಗಿದ್ದ ಉತ್ತರ ಇದು.

ಮನ್ಯಾಗ ಓದಾಕ ಬರ್ತೈತ್ರೀಪಾ. ಓದ್ರಿ, ಯಾರ್ ಬ್ಯಾಡ ಅಂದಾರ? ಆದ್ರ ಚಾದಂಗಡಿಯಾಗ ಒಂದ ಪೇಪರ್ ನಾಕ್ ಮಂದಿ ಹಾಳಿ ಹಾಳಿ ಹಂಚಕೊಂಡು ಓದಿ ಜಗಳಾಡ್ತಾರಲ್ಲ, ಅವರಿಗೆ ಯಾರೂ ಮನ್ಯಾಗ ಓದ್ರಿ ಅನ್ನಂಗಿಲ್ಲ. ಶ್ರಾವಣದಾಗ ಗುಡಿಯೊಳಗ ತಿಂಗಳಾನಗಟ್ಟಲೆ ಪುರಾಣ ಹಚ್ಚತಾರ, ಒಬ್ರು ಓದ್ತಾರ, ಒಬ್ರು ಅರ್ಥ ಹೇಳ್ತಾರ, ಓಣಿಗೆ ಓಣಿನ ಕೂತು ಕೇಳ್ತೈತಿ, ಅದೂ ಪುಸ್ತಕನ ಅಲ್ಲೇನು? ನಾವು ನಾಕ್ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡ್ರ ಮಾತ್ರ ಗುಂಪ್ಯಾಕ್ರಿ.

ಬೆನ್ನಿಗೇ ಇನ್ನೊಂದು ಬರ್ತೈತಿ: ಇದರಿಂದ ವ್ಯಾಪಾರ ಆಗ್ತೈತೇನು? ಆಗಂಗಿಲ್ಲ. ಬಾಡಿಗಿ ಕಟ್ಟೋದು ಪಿಡಿಓ, ಪಿಸಿ (ಪೊಲೀಸ್ ಕಾನ್‌ಸ್ಟೇಬಲ್), ಎಫ್‌ಡಿಎ ಅಂತ ಸರ್ಕಾರಿ ನೌಕರಿ ಪರೀಕ್ಷಾದ ಗೈಡುಗಳು, ಕಥಿ-ಕಾದಂಬರಿ ಕಪಾಟು ಅವುಗಳ ಋಣದಾಗ ಐತಿ. ನಮ್ಮೂರಾಗ ಯಾವ ಸಾಹಿತ್ಯ ಕಾರ್ಯಕ್ರಮ ಆದ್ರೂ ಮೈಕ್ ಹಿಡದವರು ಫ.ಗು. ಹಳಕಟ್ಟಿಯವರ ಹೆಸರು ಹೇಳದ ಕೆಳಗ ಇಳಿಯಂಗಿಲ್ಲ. ವಕೀಲರು, ತಾಡೋಲಿ ಹುಡುಕಿ ಹುಡುಕಿ ವಚನ ಕೂಡಿಸಿದ್ರು, ಹಿತಚಿಂತಕ ಮುದ್ರಣಾಲಯ ಹಾಕಾಕ ಇರೋ ಮನಿ ಮಾರಿದ್ರು, 1926ರಾಗ 'ಶಿವಾನುಭವ' ಪತ್ರಿಕಿ ತಗದ್ರು. ಎಲ್ಲಾ ಖರೆ. ಹೇಳೋರ ಕಣ್ಣಾಗ ನೀರು ಸುದ್ಧಾ ಬರ್ತಾವ. ಅದ ಮೈಕ್ ಹಿಡದವರು ಕೆಳಗ ಇಳದು ನನ್ನ ಟೇಬಲ್ಲಿಗೆ ಬಂದು 150 ರೂಪಾಯಿ ಪುಸ್ತಕಕ್ಕ "30 ಪರ್ಸೆಂಟ್ ಬಿಡ್ರಿ, ನಾವೂ ಸಾಹಿತ್ಯದವರ" ಅಂತಾರ.

ಇರ್ಲಿ. ಹೋದ ಚಳಿಗಾಲದಾಗ ಒಂದು ಹಳೇ ಕಾದಂಬರಿ ಇಟ್ಕೊಂಡಿದ್ವಿ, ಹೆಸರು ಬ್ಯಾಡ. ಏಳು ಮಂದಿ ಬಂದಿದ್ರು. ಪಿಸಿ ಪರೀಕ್ಷಾಕ್ಕ ಓದೋ ಹುಡುಗ ಒಬ್ಬ, ಇಂಡಿ ಕಡ್ಯಾಂವ, ಇಲ್ಲಿ ರೂಮ್ ಮಾಡ್ಕೊಂಡು ಇದ್ದ, ಯಾವತ್ತೂ ಮೂಲ್ಯಾಗ ಕೂತು ಚಾ ಕುಡದು ಹೋಗಾಂವ, ಅವತ್ತ ಮೊದಲ ಸಲ ಬಾಯಿ ಬಿಟ್ಟ. "ಏನ್ ಮುಗಿಸ್ಯಾರ್ರೀ ಸರ್! ಆಕಿ ಬಸ್ ಹತ್ತತಾಳ, ಇಂವ ಕಟ್ಟಿ ಮ್ಯಾಲೆ ಕೂತು ಹರದ ಚಪ್ಪಲಿ ಉಂಗುಟ ನೋಡ್ತಾನ, ಮುಗೀತು." ನಾವೆಲ್ಲಾ ಮಾರಿ ಮಾರಿ ನೋಡ್ಕೊಂಡ್ವಿ. ಯಾಕಂದ್ರ ನಮ್ಮ ಪುಸ್ತಕದಾಗ ಆಕಿ ಮುಂದಿನ ಸ್ಟಾಪಿಗೆ ಇಳದು ವಾಪಸ್ ಬರ್ತಾಳ, ಅತ್ತಿ ಅಳ್ತಾಳ, ಮಾವ ತಪ್ಪಾತು ಅಂತಾನ, ಹೋಳಗಿ ಊಟ ಆಗ್ತೈತಿ.

ಇಸಗೊಂಡು ನೋಡಿದ್ರ ಲೈಬ್ರರಿ ಪುಸ್ತಕ. ಹೊಲಿಗಿ ಬಿಚ್ಚಿ ಕಡೀ ಫಾರಂ, ಅಂದ್ರ ಕೂಡಿಸಿ ಹೊಲದ ಹಾಳಿ ಕಟ್ಟು, ಬಿದ್ದು ಹೋಗೈತಿ, 16 ಪುಟ ಪತ್ತೆ ಇಲ್ಲ.

ರಿಟೈರ್ಡ್ ಮಾಸ್ತರು ಒಬ್ರು "ತಮ್ಮಾ, ನೀ ಪೂರಾ ಓದೇ ಇಲ್ಲಲೋ" ಅಂತ ನಕ್ರು. ಹುಡುಗ ತಲಿ ತಗ್ಗಿಸಿದ, ಆಮ್ಯಾಲೆ ಹಂಗಾರ ಮುಂದ ಏನೈತಿ ಹೇಳ್ರಿ ಅಂದ, ಹೇಳಿದ್ವಿ, ಹೋಳಗಿ ತನಕಾ ಕೇಳಿಸ್ಕೊಂಡು "ನನ್ನ ಪುಸ್ತಕನ ಚಲೋ ಐತಿ ಬಿಡ್ರಿ" ಅಂದಬಿಟ್ಟ. ಶುರುವಾತು ನೋಡ್ರಿ. ಬರದವರಿಗೆ ಗೊತ್ತಿರಂಗಿಲ್ಲೇನು ಎಲ್ಲಿ ಮುಗಿಸ್ಬೇಕು ಅಂತ ಮಾಸ್ತರು, ಆಕಿ ತಿರುಗಿ ಬರೋದು ನನಗೂ ಸೇರಿರಲಿಲ್ಲ, ನಿಮ್ಮ ಮುಂದ ಹ್ಯಾಂಗ ಹೇಳೋದಂತ ಸುಮ್ಮನಿದ್ದೆ ಅಂತ ಕಾಲೇಜಿನ್ಯಾಗ ಕ್ಲರ್ಕ್ ಇರೋ ಅಕ್ಕಾರು. ಚಾ ಎರಡು ಸಲ ಬಂತು. ಶಟರ್ ಅರ್ಧ ಇಳಿಸಿದ್ರೂ ಯಾರೂ ಏಳವಲ್ರು. ಡಾಕ್ಟರ್ ಸಾಹೇಬ್ರ, ಇದನ್ನ ಮನ್ಯಾಗ ಒಬ್ಬನ ಕೂತು ಮಾಡಿ ತೋರಸ್ರಿ.

ಖರೆ ಹೇಳ್ಬೇಕಂದ್ರ ನನಗ ಬೇಕಾಗಿದ್ದ ಪ್ರಶ್ನೆನ ಬ್ಯಾರೆ: ಪುಸ್ತಕ ಯಾರು ಆರಿಸ್ತೀರಿ? ಒಬ್ರೂ ಕೇಳಂಗಿಲ್ಲ. ಮೊದಮೊದಲು ನಾನ ಆರಿಸ್ತಿದ್ದೆ, ದೊಡ್ಡ ದೊಡ್ಡ ಹೆಸರು, 500 ಪುಟ, ಮೂರನೇ ತಿಂಗಳಿಗೆ ನಾನು, ನನ್ನ ಹೆಂಡ್ತಿ, ಚಾ ತರೋ ಹುಡುಗ ಇಷ್ಟ ಮಂದಿ ಉಳದ್ವಿ. ಹೆಂಡ್ತಿನೂ ಓದಿರಲಿಲ್ಲ. ಈಗ ಪಾಳಿ ಹಚ್ಚೀವಿ, ತಿಂಗಳಿಗೊಬ್ರು. 200 ಪುಟದ ಒಳಗಿರಬೇಕು, ಅಂಗಡಿಯಿಂದ ಮೂರು ಪ್ರತಿ ಕಡಾ ಕೊಡ್ತೀನಿ, ರಜಿಸ್ಟರಿನ್ಯಾಗ ಹೆಸರು ಬರದು ಒಯ್ರಿ. ಶಾಲು, ಹಾರ, ಅಧ್ಯಕ್ಷೀಯ ಭಾಷಣ ಯಾವುದೂ ಇಲ್ಲ. ಸಂಕ್ರಮಣಕ್ಕ ಸಿದ್ಧೇಶ್ವರ ಜಾತ್ರಿ ಇರತೈತಿ, ಜನವರಿ ಬಂದ್. ಮೇದಾಗ ಏಳರ ಮ್ಯಾಲೆ, ಅದಕ್ಕೂ ಮೊದಲು ನಮ್ಮ ತಗಡಿನ ಕೆಳಗ ಕೂತ್ರ ಪುಸ್ತಕ ಅಲ್ಲ, ನಾವ ಹಪ್ಪಳ ಆಗ್ತೀವಿ.

ಮುಂದಿನ ತಿಂಗಳು ಆ ಹುಡುಗನ ಪಾಳಿ. ಆ 16 ಪುಟ ನನ್ನ ಪ್ರತಿಯಿಂದ ಜೆರಾಕ್ಸ್ ತಗಸಿ, ಲೈಬ್ರರಿ ಪುಸ್ತಕಕ್ಕ ಅಂಟಿಸಿ ಕೊಡಪಾ ಅಂತ ಅವನ ಕೈಗೆ ಕೊಟ್ಟಿದ್ದೆ. ಹದಿನೈದು ದಿನ ಬಿಟ್ಟು ವಾಪಸ್ ತಂದಿಟ್ಟ. "ಓದಿದೆ ಸರ್. ಮುಂದ ಒಯ್ಯಾವ್ರಿಗೆ ಇದು ಬ್ಯಾಡ್ರಿ" ಅಂದ. ಗಲ್ಲಾದಾಗ ಚಿಲ್ಲರ್ ಕೆಳಗ ಇನ್ನೂ ಬಿದ್ದಾವ.