ಬೀದರ್‌ನ ಕೆಮ್ಮಣ್ಣು, ಜಾಲಿ ಅಂಟು: ಮನೆಯಲ್ಲೇ ಜಲವರ್ಣ

ಬೀದರ್ ಕಡೆಯ ಮುರಕಲ್ಲಿನ ಮಣ್ಣು ಕೆಂಪಾಗಿರುವುದು ಅದರೊಳಗಿನ ಕಬ್ಬಿಣದ ಆಕ್ಸೈಡ್‌ನಿಂದ. ಈ ಕೆಂಪು ಬಿಸಿಲಿಗೆ ಮಾಸುವುದಿಲ್ಲ. ಹಾಗಾಗಿ ಬಣ್ಣದ ಡಬ್ಬಿ ಕೊಳ್ಳುವ ಮೊದಲು ಪಾಯ ತೋಡಿದ ಜಾಗಕ್ಕೊಮ್ಮೆ ಹೋಗಿ ಬನ್ನಿ. ಮೇಲಿನ ಒಂದು ಗೇಣು ಬಿಟ್ಟು, ಬೇರು ಕಸ ಇಲ್ಲದ ಮಣ್ಣು ಎರಡು ಬೊಗಸೆ ಸಾಕು. ಕೋಟೆಯೊಳಗೆ ಮಾತ್ರ ಅಗೆಯಬೇಡಿ, ಅದು ಸಂರಕ್ಷಿತ ಸ್ಮಾರಕ. ಬಿದರಿ ಕೆಲಸಕ್ಕೆ ಕೋಟೆಯ ಹಳೆ ಮಣ್ಣನ್ನು ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ಬಳಸುವುದು ಸತು-ತಾಮ್ರದ ಮಿಶ್ರಲೋಹವನ್ನು ಕಪ್ಪಾಗಿಸಲು. ಆ ಮಾತೇ ಬೇರೆ.

ಇಡೀ ಕೆಲಸದ ಜೀವ ಮಣ್ಣು ತೊಳೆಯುವುದರಲ್ಲಿದೆ. ಒಣಗಿಸಿ, ಕುಟ್ಟಿ, ಜರಡಿ ಹಿಡಿದ ಮಣ್ಣು ಒಂದು ಪಾಲಾದರೆ ನೀರು ಐದು ಪಾಲು. ಜೋರಾಗಿ ಕಲಕಿ ಒಂದು ನಿಮಿಷ ಬಿಡಿ. ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ, ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆ ತಿಳಿನೀರು ಚೆಲ್ಲಿ, ಕೆಳಗಿನ ನುಣ್ಣನೆ ರಾಡಿಯನ್ನು ತಾಟಿನಲ್ಲಿ ಹರಡಿ ಒಣಗಿಸಿ. ಪುಡಿ ಬೆರಳಿಗೆ ಗರಗರ ತಾಗಿದರೆ ಮತ್ತೆ ತೊಳೆಯಬೇಕು. ಇಲ್ಲಿ ಅವಸರ ಮಾಡಿದರೆ ಮುಂದೆ ಯಾವ ಅಂಟೂ ಕೈಹಿಡಿಯದು.

ಅಂಟಿಗೆ ಕರಿಜಾಲಿ ತೊಗಟೆಯಲ್ಲಿ ಒಸರುವ ಗೋಂದು ಒಳ್ಳೆಯದು. ಕಿರಾಣಿ ಅಂಗಡಿಯಲ್ಲಿ ಕೇಳುವಾಗ ಎಚ್ಚರ: ಗೋಂದ್ ಕತೀರಾ ಕೊಟ್ಟರೆ ಬೇಡ. ಅದು ನೀರಲ್ಲಿ ಉಬ್ಬಿ ಲೋಳೆಯಾಗುತ್ತದೆ, ಪೂರ್ತಿ ಕರಗುವುದಿಲ್ಲ. 10 ಗ್ರಾಂ ಜಾಲಿ ಅಂಟನ್ನು ಜಜ್ಜಿ 20 ಮಿ.ಲೀ. ಬೆಚ್ಚಗಿನ ನೀರಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ. ಒಂದು ಚಮಚ ಜೇನುತುಪ್ಪ, ಬೂಸು ಹಿಡಿಯದಂತೆ ಎರಡು ಲವಂಗ. ಬೇಸಿಗೆಯಲ್ಲಿ ಜೇನು ತುಸು ಹೆಚ್ಚಿರಲಿ, ಇಲ್ಲವಾದರೆ ಕಲಬುರಗಿ ಬಿಸಿಲಿಗೆ ಬಣ್ಣದ ಬಿಲ್ಲೆ ಸೀಳುತ್ತದೆ. ಮಳೆಗಾಲದಲ್ಲಿ ಕಡಿಮೆ ಮಾಡಿ, ಇಲ್ಲವಾದರೆ ಚಿತ್ರ ಒಣಗದೆ ಅಂಟಂಟಾಗುತ್ತದೆ.

ಅರೆಯಲು ಶಹಾಬಾದ್ ಫರಸಿಯ ತುಂಡು, ಒಂದು ನುಣುಪಾದ ಗುಂಡುಕಲ್ಲು. ಪುಡಿ, ಅಂಟು ಸಮ ಅಳತೆಯಲ್ಲಿ ಹಾಕಿ ಸುತ್ತಿ ಸುತ್ತಿ ಅರೆಯಿರಿ. ಮೊದಲು ಕರಕರ ಸದ್ದು ಬರುತ್ತದೆ. ಸದ್ದು ನಿಂತು ಕಲ್ಲು ಜಾರತೊಡಗಿದಾಗ ಬಣ್ಣ ಹದಕ್ಕೆ ಬಂದಿದೆ. ಫರಸಿ ಸುಣ್ಣದ ಕಲ್ಲು, ನಿಂಬೆರಸ ಅದನ್ನು ತಿನ್ನುತ್ತದೆ. ತೊಳೆಯಲು ಬರೀ ನೀರು ಸಾಕು.

ಕಾಗದದ ಮೇಲೆ ಬಳಿದು, ಒಣಗಿದ ಮೇಲೆ ಬೆರಳಿಂದ ಉಜ್ಜಿ ನೋಡಿ. ಪುಡಿ ಅಂಟಿದರೆ ಅಂಟು ಕಡಿಮೆ. ಮಿರುಗಿ, ಸಿಪ್ಪೆಯಾಗಿ ಎದ್ದರೆ ಅಂಟು ಹೆಚ್ಚು. ಲಗ್ನಪತ್ರಿಕೆಯ ಹಿಂಬದಿ ಅಭ್ಯಾಸಕ್ಕೆ ಚೆನ್ನ, ನುಣುಪು ಲೇಪ ಇಲ್ಲದ ಮಗ್ಗುಲು ಮಾತ್ರ.

ನಮ್ಮ ಕಪ್ಪು ಎರೆ ಮಣ್ಣು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ನೀರು ಕುಡಿದು ಉಬ್ಬುವ, ಒಣಗಿದಾಗ ಕುಗ್ಗುವ ಜೇಡಿ ಅದರಲ್ಲಿ ಬಹಳ. ಹೊಲದಲ್ಲಿ ಬಿರುಕು ಬಿಡುವ ಹಾಗೆಯೇ ಕಾಗದದ ಮೇಲೂ ಬಿಡುತ್ತದೆ. ತೆಳ್ಳಗೆ ಎರಡು ಕೋಟ್ ಬಳಿಯಿರಿ, ಇಲ್ಲವೇ ಕಾಲು ಭಾಗ ಕೆಮ್ಮಣ್ಣು ಬೆರೆಸಿ. ಆದರೂ ಬರುವುದು ಬೂದುಗಂದು. ಅಪ್ಪಟ ಕಪ್ಪು ಬೇಕಾದರೆ ದೀಪದ ಮೇಲೆ ತಾಟು ಹಿಡಿದು ತೆಗೆದ ಕಾಡಿಗೆಯೇ ಸರಿ. ಅದು ನೀರಲ್ಲಿ ತೇಲುತ್ತದೆ. ಎರಡು ಹನಿ ಸಾಬೂನು ನೀರು ಹಾಕಿ ಕಲಸಿಕೊಂಡು ಆಮೇಲೆ ಅಂಟು ಸೇರಿಸಿ.

ಅರಿಶಿನದ ಹಳದಿ ಕಣ್ಣು ಸೆಳೆಯುತ್ತದೆ, ಆದರೆ ಬಿಸಿಲಿಗೆ ಬಲುಬೇಗ ಮಾಸುತ್ತದೆ. ಹಸಿ ಸುಣ್ಣದ ಗೋಡೆಗೆ ಬಳಿದರೆ ಕೆಂಪಿಗೆ ತಿರುಗುತ್ತದೆ. ಗೋಡೆ ಚಿತ್ರಕ್ಕೆ ಹಳದಿ ಬೇಕೆಂದರೆ ಹಳದಿ ಮಣ್ಣನ್ನೇ ಹುಡುಕಿ, ಇದೇ ರೀತಿ ತೊಳೆದುಕೊಳ್ಳಿ.